ಶ್ವಾನಭೋಜನ ಮೀಮಾಂಸೆ

ನಾಯಿಮರಿಯೊಂದನ್ನು ಮನೆಗೆ ತಂದ ಗೃಹಸ್ಥನಿಗೆ, ತನ್ನ ಬಂಧುಮಿತ್ರರಲ್ಲಿ ಇದುವರೆಗೆ ಒಂದು ಬೆಕ್ಕಿಗೂ ಹಾಲೆರೆಯದವರು ಸಹ ಶ್ವಾನಾಹಾರಶಾಸ್ತ್ರದಲ್ಲಿ ಪಾರಂಗತರೆಂಬ ಸಂಗತಿ, ಮರಿ ಹೊಸಿಲು ದಾಟುವುದಕ್ಕೆ ಮುಂಚೆಯೇ ವಿದಿತವಾಗುತ್ತದೆ. ಅವರ ಉಪದೇಶಗಳನ್ನೆಲ್ಲ ಸಾವಧಾನವಾಗಿ ಕೇಳಿ ನಾನು ಕಂಡುಕೊಂಡ ತತ್ತ್ವವಿಷ್ಟೆ: ಮರಿಗೆ ಇಂಥದೇ ಹಿತವೆಂದು ಯಾರು ವಿಧಿಸಿದರೂ ಆ ವಿಧಿ ಹುಟ್ಟುವುದು ವಿಧಿಸಿದವರ ನಾಲಗೆಯಲ್ಲಿ, ಇಲ್ಲವೆ ಆ ನಾಲಗೆ ಅನುಭವಿಸುತ್ತಿರುವ ಶಿಕ್ಷೆಯಲ್ಲಿ. ಸಕ್ಕರೆ ಕಾಯಿಲೆಯ ದೆಸೆಯಿಂದ ಸಪ್ಪೆ ಕಾಫಿಗಿಳಿದಿರುವ ಪಕ್ಕದ ಮನೆಯ ರಾಯರು, ಹಾಲಿನಲ್ಲಿ ನೆನೆಸಿದ ಬಿಸ್ಕತ್ತಿಗೆ ಸಮನಾದುದು ಭೂಮಂಡಲದಲ್ಲಿಲ್ಲವೆಂದು ಸಾರುವಾಗ, ಅವರ ಕಣ್ಣಿನಲ್ಲಿ ಮಿನುಗಿದ್ದು ಪ್ರಾಣಿದಯೆಯೊಂದೇ ಅಲ್ಲ. ತೂಕವಿಳಿಸುವ ವ್ರತ ಹಿಡಿದು ಅನ್ನವನ್ನು ತ್ಯಜಿಸಿರುವ ನನ್ನಾಕೆ ಮರಿಗೂ ರಾಗಿಗಂಜಿಯೇ ಶ್ರೇಯಸ್ಕರವೆಂದಳು. ತೋಳದ ವಂಶಕ್ಕೆ ಮಾಂಸವಲ್ಲದೆ ಬೇರೇನೂ ಸಲ್ಲದೆಂದು ಗೆಳೆಯರೊಬ್ಬರು ಗರ್ಜಿಸಿದರು. ಅವರು ಆಗ ಶ್ರಾವಣಮಾಸದ ನಿಯಮದಲ್ಲಿದ್ದರು.

ಗೆಳೆಯರ ವಾದಕ್ಕೆ ಉತ್ತರವಿಲ್ಲದಿಲ್ಲ. ಉಪ್ಸಾಲಾದ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಪಿಷ್ಟವನ್ನು ಅರಗಿಸುವ ಒಂದು ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತವೆ. ಎಂದರೆ, ಸಾವಿರಾರು ವರ್ಷ ನಮ್ಮ ಬಾಗಿಲಲ್ಲಿ ಕಾದು ಕುಳಿತ ಈ ಪ್ರಾಣಿ ತನ್ನ ಜಠರವನ್ನೇ ನಮ್ಮ ಅಡುಗೆಮನೆಗೆ ಹೊಂದಿಸಿಕೊಂಡಿದೆ. ಆದರೆ “ಹಸುಗೂಸು ಕಣೋ, ಹಾಲನ್ನ ಹಾಕು” ಎಂಬ ಅಮ್ಮನ ಮಾತಿಗೆ ಎದುರಾಡುವ ಧೈರ್ಯ ಯಾವ ವಿಜ್ಞಾನಿಗಿದೆ? ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಇಮ್ಮಡಿಯಷ್ಟಿದ್ದು ಲ್ಯಾಕ್ಟೋಸ್ ಮಾತ್ರ ಕಡಿಮೆಯಾದುದರಿಂದ, ಗೋಕ್ಷೀರವನ್ನು ಅರಗಿಸಲಾರದ ಮರಿಯೇ ತನ್ನ ಅಭಿಪ್ರಾಯವನ್ನು ನಡುಮನೆಯ ಚಾಪೆಯ ಮೇಲೆ ನಿಸ್ಸಂಕೋಚವಾಗಿ ನಿರೂಪಿಸಿತು.

“ಅನ್ನ ಬೇಡ ಅನ್ನೋದಿಲ್ಲ ಸಾರ್, ಬರೀ ಅನ್ನ ಬೇಡ” ಎಂದರು ಪಶುವೈದ್ಯರು. ಬೆಳೆಯುವ ಮರಿಗೆಂದೇ ತಯಾರಾದ ಒಣ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಹಳೆಯ ಆಹಾರವನ್ನು ಒಂದು ವಾರದಲ್ಲಿ ಕ್ರಮಕ್ರಮವಾಗಿ ಬಿಡಿಸಬೇಕು. ಈರುಳ್ಳಿ ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ನಾಶಪಡಿಸುವುದರಿಂದ ಅವನ್ನು ಸೋಕಿಸಲೇ ಕೂಡದು. ಈ ಕಡೆಯ ವಾಕ್ಯವನ್ನು ಕೇಳಿದೊಡನೆ ಅಮ್ಮನ ಮುಖ ಅರಳಿತು. ಹುಟ್ಟಿನಿಂದಲೇ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧವಾದ ಜೀವ ಪೂರ್ವಜನ್ಮದಲ್ಲಿ ಯಾವುದೋ ಮಠದಲ್ಲಿ ಪಾರಾಯಣ ಮಾಡಿಕೊಂಡಿದ್ದಿರಬೇಕೆಂದು ನಿರ್ಧರಿಸಿ, ಅಂದಿನಿಂದ ಅದನ್ನು ಬಹುವಚನದಲ್ಲಿ ಕರೆಯತೊಡಗಿದರು. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಕ್ಕೆ ಅಪಾಯವೆಂದು ತಿಳಿದು ಪಾಯಸದ ಪ್ರಸಾದ ತಪ್ಪಿತಲ್ಲಾ ಎಂದು ಕೊಂಚ ನೊಂದರಾದರೂ, ಏಕಾದಶಿಗಿಂತ ಕಟ್ಟುನಿಟ್ಟಾದ ಆ ನೇಮವನ್ನು ಕಂಡು ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ. ಅಷ್ಟರಲ್ಲಿ ವೈದ್ಯರ ಚೀಟಿಯ ಕೆಳತುದಿಯಲ್ಲಿದ್ದ, ನಾನು ಓದದೆ ಮಡಿಸಿಟ್ಟಿದ್ದ ಸಾಲನ್ನು ನನ್ನ ಸೋದರಳಿಯ ಗಟ್ಟಿಯಾಗಿ ಓದಿಬಿಟ್ಟ: “ಬೇಯಿಸಿದ ಮೊಟ್ಟೆ ಕೊಡಬಹುದು.”

“ಧರ್ಮರಾಯನ ಹಿಂದೆ ಹೋದ ನಾಯಿ ಮೊಟ್ಟೆ ತಿಂದಿತ್ತೇನೋ?” ಎಂದರು ಅಮ್ಮ.

“ಆ ನಾಯಿ ಸ್ವರ್ಗಕ್ಕೆ ಹೊರಟಿತ್ತು ಅಜ್ಜಿ, ಇದು ಇನ್ನೂ ಬೆಳೀಬೇಕು.”

ಸಂಧಾನದಂತೆ ಹಿತ್ತಿಲ ಜಗಲಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಬಟ್ಟಲು ಏರ್ಪಟ್ಟವು. ಮೊಟ್ಟೆ ಬೇಯಿಸುವ ಕೈಂಕರ್ಯಕ್ಕೆ ಸೋದರಳಿಯ ಯಾರೂ ಕೇಳದೆಯೇ ಮುಂದಾದ. ಇಷ್ಟು ಜನರ ಜಿಹ್ವಾಪಾಂಡಿತ್ಯದ ಫಲವನ್ನು ಉಣ್ಣಬೇಕಾದ ಮರಿಯ ನಾಲಗೆಯಲ್ಲಿ ರುಚಿಮೊಗ್ಗುಗಳು ನಮ್ಮವುಗಳ ಐದನೆಯ ಒಂದು ಪಾಲಿನಷ್ಟೆ. ಬಟ್ಟಲಲ್ಲಿದ್ದುದನ್ನು ಚಣದಲ್ಲಿ ಮುಗಿಸಿ, ಅಷ್ಟೇ ತನ್ಮಯತೆಯಿಂದ ಅದು ರಾಯರ ಚಪ್ಪಲಿಯ ಉಂಗುಷ್ಠಕ್ಕೆ ಬಾಯಿ ಹಾಕುತ್ತದೆ. ಅದರ ತೂಕವೇನೋ ವೈದ್ಯರ ಲೆಕ್ಕದಂತೆಯೇ ಏರುತ್ತಿದೆ. ಲೆಕ್ಕ ಮೀರಿ ಏರುತ್ತಿರುವುದು ಸೋದರಳಿಯನದು.