ಮ್ಯಾಗ್ನೋಲಿಯಾ ರಾಯರು

ಮನೆ ಮುಂದೆ ಮ್ಯಾಗ್ನೋಲಿಯಾ ಬೆಳೆದವರಿಗೆ ಮಾರ್ಚ್ ಬಂತೆಂದರೆ ತಲೆ ನಿಲ್ಲುವುದಿಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯ ರಾಯರು ಈ ಪಂಗಡದವರು. ಹಾಲು ತರಲು ಹೊರಟವನನ್ನು ತಡೆದು ರೋಮ ಹೊದ್ದ ಮೊಗ್ಗು ತೋರಿಸುತ್ತಾರೆ. ಅದು ಹೋದ ಬೇಸಿಗೆಯಲ್ಲೇ ಕಟ್ಟಿದ ಮೊಗ್ಗಂತೆ. ಚಳಿಗಾಲದಲ್ಲಿ ಕತ್ತರಿ ಆಡಿಸಿದವನಿಗೆ ಹೂಹತ್ಯೆಯ ದೋಷವಂತೆ. ಬೇರು ಬಲು ಮೆತ್ತಗೆ, ಊರಿದ ಮೇಲೆ ಕಿತ್ತು ಬೇರೆಡೆ ನೆಟ್ಟರೆ ಮುನಿಯುತ್ತದಂತೆ. ಹೇಳುವವರು ಮಲ್ಲೇಶ್ವರದಿಂದ ಮುಂಬಯಿ, ಅಲ್ಲಿಂದ ಡೆಟ್ರಾಯಿಟ್, ಅಲ್ಲಿಂದ ಇಲ್ಲಿಗೆ ಗಂಟುಮೂಟೆ ಕಟ್ಟಿ ಬಂದವರು!

"ಸೂಲಾಂಜಿಯಾನಾ ಕಣಯ್ಯ ಇದು. ನೆಪೋಲಿಯನ್ ಸೈನ್ಯದ ಕುದುರೆ ಸವಾರ ಸೂಲಾಂಜ್-ಬೋದಾಂ ಯುದ್ಧ ಸಾಕಾಗಿ ಪ್ಯಾರಿಸ್ ಹತ್ತಿರ ತೋಟ ಮಾಡಿದ. ಎರಡು ಚೀನೀ ಜಾತಿ ಕೂಡಿಸಿದ. 1826ರಲ್ಲಿ ಮೊದಲ ಹೂ!" ಈ ಪ್ರವರ ನನಗೆ ಬಾಯಿಪಾಠ.

ಅಸಲಿ ಸಂಕಟ ಏಪ್ರಿಲ್‌ನದು. ಹೂ ಬಿರಿದ ಹೊತ್ತಿಗೆ ಒಂದು ರಾತ್ರಿ ಹಿಮ ಕಟ್ಟಿದರೆ ಸಾಕು, ಬೆಳಗಾಗುವಷ್ಟರಲ್ಲಿ ಎಸಳೆಲ್ಲ ಸುಟ್ಟ ಹಪ್ಪಳ. ಹೋದ ವರ್ಷ ಮಲಗುವ ಹೊತ್ತಿಗೆ ಫೋನು: "ಮನೇಲಿರೋ ಹೊದಿಕೆ ಎಲ್ಲ ತಗೊಂಡು ಬಾರಯ್ಯ!" ಜಮಖಾನ ಒಯ್ದೆ. "ಭಾರ ಆಯ್ತು, ಕೊಂಬೆ ಮುರಿಯುತ್ತೆ. ಹಳೇ ಸೀರೆ ಇಲ್ವೇ?" ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಹಳೆಯದೇ ಎಂದುಕೊಂಡೆ. ಲುಂಗಿಯ ಮೇಲೆ ಜಾಕೆಟ್ ತೊಟ್ಟು, ಏಣಿ ಹತ್ತಿ ಮರಕ್ಕೆ ಸೀರೆ ಉಡಿಸುತ್ತಿದ್ದೇನೆ, ಕೆಳಗಿನಿಂದ ರಾಯರು, "ನೆರಿಗೆ ಸಡಿಲ ಬಿಡು, ಮೊಗ್ಗಿಗೆ ತಾಗುತ್ತೆ." ಪೊಲೀಸ್ ಗಸ್ತಿನ ಕಾರು ಬಂದು ನಿಂತಿತು. ರಾಯರು ಕಿಟಕಿಗೆ ಬಗ್ಗಿ ನೆಪೋಲಿಯನ್ನನಿಂದ ಶುರುಮಾಡಿದರು. ಕಾರು ಬೇಗನೆ ಹೊರಟುಹೋಯಿತು. ನನಗೆ ಆ ಸೌಕರ್ಯ ಇರಲಿಲ್ಲ.

ಪೂಜೆಗೆ ಒಂದು ಹೂ ಕೇಳಿದರೆ ಮುಖ ಸಣ್ಣಗಾಗುತ್ತದೆ. ಉದುರಿದ್ದೆಲ್ಲ ಗಾಳಿಗೆ ನಮ್ಮ ಅಂಗಳಕ್ಕೇ ಬರುತ್ತದೆ, ಗುಡಿಸಲು ಅಡ್ಡಿಯಿಲ್ಲ. ಆದರೂ ಒಂದೆಲೆಯೂ ಇಲ್ಲದ ಬೋಳು ಕೊಂಬೆ ತುಂಬ ಆ ತಿಳಿಗುಲಾಬಿ ಬಟ್ಟಲುಗಳು ಎದ್ದು ನಿಂತಾಗ, ಕುಂಡದ ಕರಿಬೇವನ್ನೂ ನೆಟ್ಟಗೆ ಉಳಿಸಿಕೊಳ್ಳಲಾಗದ ನಾನು ಸುಮ್ಮನೆ ಪೊರಕೆ ಹಿಡಿಯುತ್ತೇನೆ.

ಒಮ್ಮೆ ರೇಗಿ, "ಗುಲಾಬಿ ನೆಡಬಾರದಾಗಿತ್ತೇ?" ಎಂದೆ. "ಸಂಪಿಗೇನೂ ಮ್ಯಾಗ್ನೋಲಿಯಾನೇ ಕಣಯ್ಯ" ಎಂದರು. ಮಲ್ಲೇಶ್ವರದ ಮನೆಯ ಹಿತ್ತಲಲ್ಲಿತ್ತಂತೆ. ಅಮ್ಮ ದಿನಾ ಒಂದು ಮುಡಿಯುತ್ತಿದ್ದರಂತೆ. ಮನೆ ಮಾರಿದರು, ಕೊಂಡವರು ಮರ ಕಡಿಸಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಇಲ್ಲಿನ ಚಳಿಗೆ ಸಂಪಿಗೆ ಉಳಿಯುವುದಿಲ್ಲ. "ಇದು ದಾಯಾದಿ. ವಾಸನೆ ಇದೆ, ಸಾಲದು" ಎಂದು ಇನ್ನೊಂದು ಹೂವಿಗೆ ಮೂಗು ಚಾಚಿದರು.

ಮೊನ್ನೆಯಿಂದ ಬೇಲಿ ಪಕ್ಕ ಎರಡನೆಯದಕ್ಕೆ ಗುಂಡಿ ತೋಡುತ್ತಿದ್ದಾರೆ. ನನ್ನ ಹೆಂಡತಿ ರೇಷ್ಮೆ ಸೀರೆಗಳ ಬೀರುವಿಗೆ ಬೀಗ ಹಾಕಿ, ಕೀಲಿ ಎಲ್ಲಿಟ್ಟಿದ್ದಾಳೆಂದು ನನಗೆ ಹೇಳಿಲ್ಲ.