ಒಂದು ಕೆಂಪು ಟವೆಲ್ಲಿನ ಸಲುವಾಗಿ

ಊರ ಕಡೆ ಯಾವ ಮದುವೆಗೆ ಹೋದರೂ ಹುಬ್ಬಳ್ಳಿಯ ಬೀಗರೊಬ್ಬರು ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಕೇಳಿಯೇ ಕೇಳುತ್ತಾರೆ: "ನಾಗಪುರದಾಗ ಗಾರ್ಡ್ ಇದ್ರಂತಲ್ರೀ, ಯಾವ ಬ್ಯಾಂಕಿನಾಗ?" ಮೊದಮೊದಲು ತಿದ್ದುತ್ತಿದ್ದೆ. ಗೂಡ್ಸ್ ಗಾರ್ಡ್ ಅಂದರೆ ಬಂದೂಕಿನವನಲ್ಲ, ಬಾವುಟದವನು ಎಂದು ಎಲೆಯ ಮೇಲಿನ ಹಪ್ಪಳ ಮೆತ್ತಗಾಗುವ ತನಕ ವಿವರಿಸುತ್ತಿದ್ದೆ. ಈಗ, "ಹೌದ್ರೀ, ನಾ ಇರೂತನಕ ದರೋಡಿ ಆಗಲಿಲ್ಲ" ಅಂದು ಜಿಲೇಬಿಗೆ ಕೈ ಹಾಕುತ್ತೇನೆ. 2022ರ ಜನವರಿಯಲ್ಲಿ ರೈಲ್ವೆಯವರು ಗಾರ್ಡ್ ಎಂಬ ಹೆಸರು ತೆಗೆದು 'ಟ್ರೈನ್ ಮ್ಯಾನೇಜರ್' ಎಂದು ಮಾಡಿದರು. ನಾನು ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಗೂಡ್ಸ್ ಗಾಡಿಯ ಲೆಕ್ಕದಲ್ಲಿ ಅದೇನು ದೊಡ್ಡ ತಡವಲ್ಲ.

ಈ ಕೆಲಸ ಬ್ರಿಟಿಷರು ಬಿಟ್ಟುಹೋದದ್ದು. ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು 1867ರಲ್ಲಿ ನಾಗಪುರ ಮುಟ್ಟಿತು, 1887ರಲ್ಲಿ ಬೆಂಗಾಲ್ ನಾಗಪುರ ರೈಲ್ವೆ ಕಂಪನಿ ಹುಟ್ಟಿತು. ಹತ್ತಿ, ಮ್ಯಾಂಗನೀಸ್, ಕಲ್ಲಿದ್ದಲು ಎಳೆಯಲು ಹಳಿಯ ಜೊತೆ ರೂಲ್ ಬುಕ್ಕೂ ಬಂತು, ಬ್ರೇಕ್ ವ್ಯಾನೂ ಬಂತು. ಅವರ ಊರಲ್ಲಿ ಬಹುಪಾಲು ಗೂಡ್ಸ್ ವ್ಯಾಗನ್ನುಗಳಿಗೆ ಎಂಜಿನ್ನಿನಿಂದ ಹಿಡಿಯುವ ಬ್ರೇಕು ಬಹುಕಾಲ ಇರಲೇ ಇಲ್ಲ. ಬಾಲದಲ್ಲಿ ಒಬ್ಬ ಕೂತು ಕೈಚಕ್ರ ತಿರುವಿ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯಬೇಕಿತ್ತು. ಎಲ್ಲ ವ್ಯಾಗನ್ನಿಗೂ ಬ್ರೇಕ್ ಇರುವ ಗಾಡಿಗೆ ಈ ಡಬ್ಬಿ ಬೇಡ ಎಂದು 1968ರಲ್ಲಿ ಅವರೇ ತೀರ್ಮಾನಿಸಿದರು. ನಾವು ಮಾತ್ರ ಅಜ್ಜಿಯ ತಾಮ್ರದ ಹಂಡೆಯ ಹಾಗೆ ಇಟ್ಟುಕೊಂಡೆವು. ದೀಪವಿಲ್ಲ, ಫ್ಯಾನಿಲ್ಲ, ಸಂಡಾಸಿಲ್ಲ. ಮೇ ತಿಂಗಳ ವಿದರ್ಭದಲ್ಲಿ ತಗಡಿನ ಡಬ್ಬಿ. ನಾನು ಅದರ ದೊರೆ.

ಮಾವನವರು ದೀಪಾವಳಿಗೆ ಒಂದು ಟವೆಲ್ ಕೊಟ್ಟಿದ್ದರು. ಕೆಂಪು. ಸಾಧಾರಣ ಕೆಂಪಲ್ಲ, ಕುಂಕುಮವೂ ನಾಚುವಂಥದು. ಒಮ್ಮೆ ಕಲ್ಲಿದ್ದಲು ಗಾಡಿಯನ್ನು ಕಾಟೋಲಿನ ಲೂಪ್ ಲೈನಿನಲ್ಲಿ ಎರಡು ತಾಸು ನಿಲ್ಲಿಸಿದರು. ನಳ ಕಂಡಿತು, ಸ್ನಾನ ಮಾಡಿದೆ, ಟವೆಲ್ಲನ್ನು ಬ್ರೇಕ್ ವ್ಯಾನಿನ ಕಟಕಟೆಗೆ ಕಟ್ಟಿ ಒಣಹಾಕಿದೆ. ಸಿಗ್ನಲ್ ಬಿತ್ತು, ಹೊರಟೆವು. ಎರಡೂ ಬದಿಗೆ ಕಿತ್ತಳೆ ತೋಟ, ತಣ್ಣನೆಯ ಗಾಳಿ, ಮೈಮೇಲೆ ಬರೀ ಬನಿಯನ್ನು. ಇಷ್ಟು ಸುಖ ರೂಲ್ ಬುಕ್ಕಿನಲ್ಲಿ ಇರಲಿಲ್ಲ.

ಒಂದು ತಿರುವಿನಲ್ಲಿ ಗಾಡಿ ಧಡ್ಡನೆ ನಿಂತಿತು.

ಆಗ ವಾಕಿಟಾಕಿ ಇಲ್ಲ. ಡ್ರೈವರ್ ಅರ್ಧ ಕಿಲೋಮೀಟರು ಮುಂದೆ, ನಾನು ಹಿಂದೆ. ನಮ್ಮ ನಡುವೆ ನಲವತ್ತು ವ್ಯಾಗನ್ ಕಲ್ಲಿದ್ದಲು. ಅವನು ಸೀಟಿ ಹಾಕಿ ಕಾರಣ ಹೇಳುವ ತನಕ ಕಾಯಬೇಕಿತ್ತು. ಆದರೆ ನನಗೆ ಹೊಸ ಕೆಲಸದ ಹುರುಪು: ಅಪಘಾತವೇ ಸೈ, ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದೀತು! ಕೈಚಕ್ರ ಬಿಗಿದು, ಕೆಂಪು ಬಾವುಟ, ಗಾಲಿ ಹತ್ತಿದರೆ ಸಿಡಿದು ಡ್ರೈವರನನ್ನು ಎಚ್ಚರಿಸುವ ಪಟಾಕಿಗಳ ಡಬ್ಬಿ ಹಿಡಿದು ಹಿಂದಕ್ಕೆ ಓಡಿದೆ. ಆರುನೂರು ಮೀಟರಿಗೆ ಹಳಿಯ ಮೇಲೆ ಒಂದು ಪಟಾಕಿ ಕಟ್ಟಿದೆ. ಸಾವಿರದಿನ್ನೂರು ಮೀಟರಿಗೆ, ಹತ್ತು ಹತ್ತು ಮೀಟರು ಬಿಟ್ಟು, ಮೂರು. ಹೆಜ್ಜೆ ಎಣಿಸಿಯೇ ಕಟ್ಟಿದೆ. ಆಮೇಲೆ ಬಾವುಟ ಬಿಚ್ಚಿ, ಬನಿಯನ್ನಿನಲ್ಲಿ, ಗಡಿ ಕಾಯುವ ಯೋಧನ ಹಾಗೆ ನಿಂತೆ. ಒಂದು ಹಸು ನೋಡಿ ಹೋಯಿತು.

ಅತ್ತ, ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಬ್ರೇಕ್ ವ್ಯಾನಿನಲ್ಲಿ ಕೆಂಪು ಹಾರಾಡುವುದು ಕಂಡು ಗಾಡಿ ನಿಲ್ಲಿಸಿದವನು ಡ್ರೈವರ್. ವಿಚಾರಿಸಲು ಅಸಿಸ್ಟೆಂಟನನ್ನು ಕಳಿಸಿದ. ಅವನು ಉರಿಬಿಸಿಲಲ್ಲಿ ನಲವತ್ತು ವ್ಯಾಗನ್ ದಾಟಿ ಬಂದರೆ ಡಬ್ಬಿ ಖಾಲಿ. ಗಾರ್ಡ್ ಸಾಹೇಬರಿಲ್ಲ, ಟವೆಲ್ ಇದೆ. ಪಾಪದ ಹುಡುಗ ಅದನ್ನು ಬಿಚ್ಚಿಕೊಂಡು ನನ್ನ ಕಡೆ ಬೀಸಿ ಕರೆದ. ನನಗೆ ಕಂಡದ್ದೇನು? ದೂರದಲ್ಲಿ ಒಬ್ಬ ಜೋರಾಗಿ ಕೆಂಪು ಬೀಸುತ್ತಿದ್ದಾನೆ, ಅಂದರೆ ಭಾರೀ ಅಪಾಯ. ನಾನೂ ಇನ್ನಷ್ಟು ಜೋರಾಗಿ ಬೀಸಿದೆ. ಅವನಿಗೆ ಕಂಡದ್ದೂ ಅದೇ. ಹೆದರಿ ಅಲ್ಲೇ ನಿಂತು ಮತ್ತೆ ಬೀಸಿದ. ಕಿತ್ತಳೆ ತೋಟದ ನಡುವೆ ಇಬ್ಬರು ಸರ್ಕಾರಿ ನೌಕರರು ಒಬ್ಬರಿಗೊಬ್ಬರು ಅಪಾಯ ತೋರಿಸುತ್ತ ಹತ್ತು ನಿಮಿಷ ನಿಂತೆವು.

ಕೊನೆಗೆ ಡ್ರೈವರನಿಗೆ ಬೇಸರ ಬಂದು ಉದ್ದಕ್ಕೆ ಸೀಟಿ ಹಾಕಿದ. ವಾಪಸು ಕರೆದಾಗ ದೂರದ ಮೂರು ಪಟಾಕಿ ಬಿಟ್ಟು, ನಡುವಿನ ಒಂದನ್ನು ಕಿತ್ತುಕೊಂಡು ಬರಬೇಕು. ಹಾಗೇ ಮಾಡಿದೆ. ಹೀಗಾಗಿ ಆಮೇಲೆ ಬಂದ ಗಾಡಿಯೂ ಮೂರು ಢಂ ಅನ್ನಿಸಿಕೊಂಡು ನಿಂತಿತಂತೆ. ತಡಕ್ಕೆ ಕಾರಣ ಬರೆಯಬೇಕಲ್ಲ, 'ಪ್ರಾಣಿ ಅಡ್ಡ ಬಂತು' ಎಂದು ಗೊತ್ತುಮಾಡಿಕೊಂಡೆವು. ಡ್ರೈವರ್ ಎಮ್ಮೆ ಎಂದು ಬರೆದ. ನನಗೆ ಆ ಹಸುವಿನ ನೆನಪು, ಹಸು ಎಂದು ಬರೆದೆ. ಒಂದು ತಿಂಗಳ ನಂತರ ಇಬ್ಬರ ಕೈಗೂ ಕಾಗದ ಬಂತು.

ಆ ಟವೆಲ್ ಮುಂದೆಯೂ ಜೊತೆಗೇ ಬಂತು. ಇನ್ನೊಂದು ವರ್ಷ, ರಾತ್ರಿ, ಒಂದು ಲೂಪಿನಲ್ಲಿ ಸ್ಟೇಷನ್ ಮಾಸ್ಟರು ತಾವೇ ಕಂದೀಲು ಹಿಡಿದು ನಡೆದು ಬಂದರು. ಧಾರವಾಡದಲ್ಲಿ ಅಪ್ಪ ತೀರಿಕೊಂಡಿದ್ದರು. ಬದಲಿ ಗಾರ್ಡ್ ಸಿಗುವುದು ಮುಂದೆ ಎಲ್ಲೋ, ಆರು ತಾಸಿನ ದಾರಿ. ಪ್ರತಿ ಸ್ಟೇಷನ್ ದಾಟುವಾಗಲೂ ಗಾರ್ಡು ಹೊರಗೆ ನಿಂತು ಹಸಿರು ದೀಪ ತೋರಿಸಬೇಕು: ಎಲ್ಲ ಸರಿಯಾಗಿದೆ ಎಂದು. ತೋರಿಸಿದೆ. ನಡುನಡುವೆ ಒಳಗೆ ಬಂದು ಆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ.

ಈಗ ಗಾಡಿಯ ಬಾಲಕ್ಕೆ ಒಂದು ಯಂತ್ರ ಸಿಕ್ಕಿಸಿ ಬ್ರೇಕ್ ವ್ಯಾನನ್ನೇ ತೆಗೆಯುವ ಮಾತು ನಡೆದಿದೆ. ಮೊನ್ನೆ ಮೊಮ್ಮಗನನ್ನು ಮೋತಿಬಾಗಿನ ನ್ಯಾರೋಗೇಜ್ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಗಾರ್ಡಿನ ಕೆಲಸ ಏನೆಂದು ಅವನಿಗೆ ಒಂದು ತಾಸು ಹೇಳಿದೆ. "ಅಂದ್ರ ಅಜ್ಜಾ, ನೀ ಹಿಂದ ಸುಮ್ನ ಕೂಡ್ತಿದ್ದಿ?" ಎಂದ. ಹುಬ್ಬಳ್ಳಿ ಬೀಗರ ರಕ್ತ.

ನಮ್ಮ ಮನೆ ನಾಗಪುರದ ಅಜನಿಯಲ್ಲಿ, ಮಾಳಿಗೆಯಿಂದ ಹಳಿ ಕಾಣುತ್ತದೆ. ಟವೆಲ್ಲಿನ ಚೂರು ಈಗ ಸ್ಕೂಟರ್ ಒರೆಸಲು ಇದೆ. ಹೆಂಡತಿ ಅದನ್ನು ಹಿಂಡಿ, "ಮ್ಯಾಲ ಬ್ಯಾಡ್ರೀ, ಹಿತ್ತಲದಾಗ ಹಾಕ್ರಿ" ಅನ್ನುತ್ತಾಳೆ. ಹಿತ್ತಲಲ್ಲೇ ಹಾಕುತ್ತೇನೆ.