ಜುಮ್‌ಪ್ರಮಾಣ ಮೀಮಾಂಸೆ

ವಿದ್ಯುಚ್ಚಾಲಿತ ಯಂತ್ರೋಪಕರಣಗಳನ್ನು ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಿ, ಪರೀಕ್ಷಿತವೆಂಬ ಚೀಟಿಯನ್ನು ಅವುಗಳ ಕೊರಳಿಗೆ ಕಟ್ಟತಕ್ಕದ್ದೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಕ್ಷುದ್ರವೆಂದು ತೋರಿದರೂ, ಸೊರಬ ಸೀಮೆಯ ಕ್ಯಾಸನೂರಿನಲ್ಲಿ ಕುಳಿತು ಆಲೋಚಿಸುವವನಿಗೆ ಅದು ಪ್ರಮಾಣಶಾಸ್ತ್ರದ ಬುಡವನ್ನೇ ಅಲುಗಿಸುವಂಥದು. ಇಲ್ಲಿ ಮೂರು ಪೂರ್ವಪಕ್ಷಗಳುಂಟು.

ಮೊದಲನೆಯದು ಪಂಚವಾರ್ಷಿಕ ಮತ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 46ನೆಯ ನಿಯಮವು, ಬಳಕೆದಾರರ ವಿದ್ಯುತ್ ವ್ಯವಸ್ಥೆಯನ್ನು ಐದು ವರ್ಷ ಮೀರದ ಅವಧಿಗಳಲ್ಲಿ ಪರೀಕ್ಷಿಸತಕ್ಕದ್ದೆಂದು ವಿಧಿಸಿತು. ‘ಮೀರದ’ ಎಂದರೆ ಅಷ್ಟರೊಳಗೆ ಎಂದು ವೈಯಾಕರಣರು. ಅಲ್ಲಿಯವರೆಗೆ ಯಾರೂ ಬರುವುದಿಲ್ಲವೆಂದು ಗಿರಣಿಯವರು.

ಎರಡನೆಯದು ದ್ವೀಪಾಂತರ ಮತ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳ 3760ನೆಯ ಸಂಖ್ಯೆಯ ಮಾನಕವು ಕಾರ್ಖಾನೆಯ ಉಪಕರಣಕ್ಕೆ 6 ತಿಂಗಳು, ಮೇಜಿನ ಮೇಲೆ ಮಿಸುಕದೆ ಕುಳಿತಿರುವುದಕ್ಕೆ 5 ವರ್ಷ ಎಂದು ತಾರತಮ್ಯವನ್ನೆಣಿಸುತ್ತದೆ; ಕಟ್ಟಡದ ಕೆಲಸದಲ್ಲಂತೂ ತ್ರೈಮಾಸಿಕಕ್ಕೊಂದರಂತೆ ಕೆಂಪು, ಹಸುರು, ನೀಲಿ, ಹಳದಿ ಚೀಟಿಗಳನ್ನು ಕಟ್ಟುವ ರೂಢಿಯುಂಟು. ಮತವೇನೋ ರಮಣೀಯವಾದದ್ದೆ. ಆದರೆ ದೀಪಾವಳಿಯ ಹೋರಿ ಬೆದರಿಸುವ ಹಬ್ಬವನ್ನು ಕಂಡ ಈ ಸೊರಬ–ಶಿಕಾರಿಪುರದ ಜನ, ಹೋರಿಯ ಕೊರಳಿಗೆ ಕೊಬ್ಬರಿಸರ ಕಟ್ಟಿರುವುದೇ ಯಾರಾದರೂ ಹರಿದುಕೊಳ್ಳಲೆಂದು ಬಾಲ್ಯದಿಂದ ಬಲ್ಲವರಾದ್ದರಿಂದ, ಬಣ್ಣದ ಚೀಟಿಯ ಆಯುಸ್ಸು ಮೂರು ದಿನವನ್ನು ಮೀರಲಾರದು.

ಮೂರನೆಯದು ಆಯುಧಪೂಜಾವಾದ. ಮೋಟಾರಿನ ಗಾಳಿಕಿಂಡಿಗೆ ಚೆಂಡುಹೂ ತುರುಕುವ ಈ ಮತವನ್ನು ಖಂಡಿಸುವುದು ಅನಾವಶ್ಯಕ. ಮೋಟಾರೇ ಅದನ್ನು ಖಂಡಿಸುತ್ತದೆ.

ಇನ್ನು ಸಿದ್ಧಾಂತ. ಹಿಂದೊಂದು ಬೇಸಗೆಯಲ್ಲಿ ಈ ಲೇಖಕನು ಅಡಿಕೆ ಸುಲಿಯುವ ಯಂತ್ರವೊಂದನ್ನು ದರ್ಶಿಸಲು ಹೋದಾಗ, ಅದರ ವೈರಿಗೆ ಪ್ಲಗ್ಗೆಂಬುದೇ ಇಲ್ಲದೆ, ಬೋಳು ತುದಿಗಳೆರಡನ್ನು ಸಾಕೆಟ್ಟಿನೊಳಗೆ ತೂರಿಸಿ ಬೆಂಕಿಕಡ್ಡಿಗಳನ್ನು ಸಿಕ್ಕಿಸಿದ್ದಿತು. ನಡುವಿನ ಹರಕಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿದ್ದಿತು. ‘ಅರ್ಥ್’ ಎಂಬ ಮೂರನೆಯ ರಂಧ್ರವು ಖಾಲಿಯಾಗಿದ್ದಿತು. ಪದವೆರಡಿದ್ದು ಅರ್ಥವಿಲ್ಲದ ವಾಕ್ಯವನ್ನು ಶಾಸ್ತ್ರಕಾರರು ಬಲ್ಲರು. ಹಾಗೆ ಓಡುವ ಯಂತ್ರವನ್ನು ನಾನು ಅಂದೇ ಕಂಡೆ. ಹೊರಗಿನ ಅರ್ಥಿಂಗ್ ಗುಂಡಿಯಾದರೋ, ಉಪ್ಪು ಇದ್ದಿಲುಗಳೊಡನೆ ಎಂದೋ ಮುಚ್ಚಿದ್ದು, ಕೊಡ ನೀರನ್ನೂ ಕಾಣದೆ ಬಿರಿದಿದ್ದಿತು. ಒಣಗಿದ ಮಣ್ಣು ವಿದ್ಯುತ್ತಿಗೆ ದಾರಿ ಬಿಡುವುದಿಲ್ಲವೆಂಬುದು ಸುಲಭವೇದ್ಯ. ಮೆಗ್ಗರೆಂಬ ಯಂತ್ರದಿಂದ 500 ವೋಲ್ಟ್ ಹಾಯಿಸಿ, ಹೊದಿಕೆಯ ತಡೆ 1 ಮೆಗಾಓಮಿಗೆ ಕಡಿಮೆಯಿಲ್ಲವೆಂದು ನೋಡುವುದು ಲೋಕದ ಕ್ರಮ. ಇಲ್ಲಿಯ ಮಾಪಕವೋ ಬೇರೆ. “ಸ್ವಲ್ಪ ಜುಮ್ ಅಂತದೆ ಮೇಷ್ಟ್ರೆ, ಚಪ್ಲಿ ಬಿಡಬ್ಯಾಡಿ” ಎಂದನು ಆಳು. ಇದೇ ಜುಮ್‌ಪ್ರಮಾಣ. ಇದರಲ್ಲಿ ಜುಮ್, ಝಲ್ಲು, ಎಸೆತ ಎಂಬ ಮೂರು ಶ್ರುತಿಗಳುಂಟು. ಅಂಗೈಯಿಂದ ಮುಟ್ಟಿದರೆ ಬೆರಳು ತಾನಾಗಿ ಬಿಗಿದು ಹಿಡಿದದ್ದನ್ನು ಬಿಡಲೊಲ್ಲದೆಂಬ ಕಾರಣದಿಂದ, ಅನುಭವಿಗಳು ಕೈಯ ಹಿಂಬದಿಯನ್ನಷ್ಟೇ ತಾಗಿಸುವರು.

ಇಲ್ಲಿ ಕ್ಯಾಸನೂರಿನ ಹೆಸರು ಪ್ರಕರಣಕ್ಕೆ ಬರುತ್ತದೆ. ನಿಯಮಾವಳಿ ಹುಟ್ಟಿದ ಮರುವರ್ಷ, 1957ರಲ್ಲಿ, ಇಲ್ಲಿಯ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಮಂಗನ ಕಾಯಿಲೆಯ ವೈರಾಣುವನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿ, ಈ ಪುಟ್ಟ ಊರಿನ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿಸಿದರು. ಅಂದಿನಿಂದ ಕಾಡಿನಲ್ಲೊಂದು ಮಂಗ ಸತ್ತಿತೆಂದರೆ ಸಾಕು, ಸುದ್ದಿ ಆಸ್ಪತ್ರೆಗೆ ಮುಟ್ಟಬೇಕು. ಸುತ್ತ ಉಣುಗು ಕೊಲ್ಲುವ ಪುಡಿ ಹೊಡೆಯಬೇಕು. ತರಗೆಲೆಗೆ ಹೋಗುವವರು ಉಣುಗು ಹತ್ತದಂತೆ ಡೆಪಾ ಎಣ್ಣೆ ಸವರಿಕೊಳ್ಳಬೇಕು. ಮನುಷ್ಯನಿಗಿಂತ ಮೊದಲು ಮಂಗನಿಂದ ವಾರ್ತೆ ಪಡೆಯುವ ಇಂಥ ಸುಸಂಸ್ಕೃತ ಏರ್ಪಾಟು ಕಾಡಿಗುಂಟು, ಗಿರಣಿಗಿಲ್ಲ. ಮಂಗನಿಲ್ಲದೆಡೆ ಆ ಸ್ಥಾನವನ್ನು ತುಂಬುವವರಾರು ಎಂಬುದು ಶೇಷಪ್ರಶ್ನೆ. ಹೊಸದಾಗಿ ಸೇರಿದ ಬರಿಗಾಲಿನ ಹುಡುಗನೆಂದು ಕೆಲವರು ಉತ್ತರಿಸುವರು.

ಈ ಶೇಷಪ್ರಶ್ನೆಯನ್ನು ನಿರ್ಣಯಿಸಲೋಸುಗ ನಾನು ಅಂದು ಆ ಯಂತ್ರದ ಕಬ್ಬಿಣದ ಕಾಲಿಗೆ ಬೆರಳನ್ನು ತಾಗಿಸಿ, ಝಲ್ಲೆಂದು ಎರಡು ಹೆಜ್ಜೆ ಹಿಂದಕ್ಕೆ ಜಿಗಿದು, ಉಸಿರು ಹಿಡಿತಕ್ಕೆ ಬಂದಮೇಲೆ ಗಾಂಭೀರ್ಯದಿಂದ, “ಇದನ್ನು ಕಡೆಯ ಸಲ ಟೆಸ್ಟ್ ಮಾಡಿದ್ದು ಯಾವಾಗಪ್ಪ?” ಎಂದು ಕೇಳಿದೆನು.

ಆಳು ಅಡಿಕೆಯ ಬುಟ್ಟಿಯಿಂದ ತಲೆಯೆತ್ತಿದನು.

“ಈಗ ನೀವೇ ಮಾಡಿದ್ರಲ್ಲ ಮೇಷ್ಟ್ರೆ.”